ಕಾರ್ಟ್ರಿಜ್, ಯೂಸ್ ಅಂಡ್ ಥ್ರೋ, ಇಲ್ಲಾ ಹಳೇ ಬ್ಲೇಡಿನ ರೇಜರ್: ನಿಮ್ಮ ಗಡ್ಡಕ್ಕೆ ಯಾವುದು?

ಹಳೇ ಕಾಲದ ಬ್ಲೇಡಿನ ರೇಜರ್ ಹಿಡಿಯಬಹುದಾ? ಮುಖ ಕೊಯ್ದುಹೋಗಲ್ವಾ? ಅದರಿಂದ ನಿಜವಾಗಲೂ ದುಡ್ಡು ಉಳಿಯುತ್ತಾ? ಈ ಮೂರು ಪ್ರಶ್ನೆಗಳು ಓದುಗರಿಂದ ಮತ್ತೆ ಮತ್ತೆ ಬರುತ್ತವೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳುತ್ತೇನೆ: ಎಲ್ಲರೂ ಬದಲಾಯಿಸಲೇಬೇಕು ಅಂತೇನಿಲ್ಲ. ಈಗ ಬಳಸುವ ರೇಜರಿನಿಂದ ಉರಿ ಇಲ್ಲ, ಗುಳ್ಳೆ ಇಲ್ಲ, ಖರ್ಚೂ ಭಾರವಲ್ಲ ಅಂದರೆ ಅದನ್ನೇ ಮುಂದುವರಿಸಿ.

ಯಾವುದು ಏನು

ಕಾರ್ಟ್ರಿಜ್ ರೇಜರಿನಲ್ಲಿ ಹಿಡಿ ಹಾಗೇ ಉಳಿಯುತ್ತದೆ, ತಲೆ ಮಾತ್ರ ಬದಲಾಗುತ್ತದೆ. ಆ ಪ್ಲಾಸ್ಟಿಕ್ ತಲೆಯೇ ಕಾರ್ಟ್ರಿಜ್. ಅದರೊಳಗೆ ಸಾಮಾನ್ಯವಾಗಿ ಒಂದರಿಂದ ಐದು ಬ್ಲೇಡು ಇರುತ್ತವೆ. ಯೂಸ್ ಅಂಡ್ ಥ್ರೋ ರೇಜರಿನ ತಲೆಯೂ ಹೆಚ್ಚುಕಡಿಮೆ ಹೀಗೇ, ಆದರೆ ಹಿಡಿ ಸಮೇತ ಎಸೆಯಬೇಕು.

ಡಬಲ್ ಎಡ್ಜ್ ಅಥವಾ ಎರಡಂಚಿನ ರೇಜರ್ ಅಂದರೆ ನಮ್ಮ ಮನೆಗಳಲ್ಲಿ 'ಶೇವಿಂಗ್ ಸೆಟ್ಟು' ಅಂತ ಕರೆಯುತ್ತಿದ್ದದ್ದು. ಎರಡೂ ಕಡೆ ಅಂಚಿರುವ ತೆಳ್ಳನೆ ಬ್ಲೇಡನ್ನು ಮಧ್ಯೆ ಇಟ್ಟು ತಿರುಗಿಸಿ ಬಿಗಿ ಮಾಡುವಂಥದ್ದು. ಸೇಫ್ಟಿ ರೇಜರ್ ಅನ್ನುವುದೂ ಇದಕ್ಕೇ. ಬರಿಯ ಕ್ಷೌರದ ಕತ್ತಿಗೆ ಹೋಲಿಸಿದರೆ ಇದರಲ್ಲಿ ಬ್ಲೇಡಿನ ಮುಂದೆ ಒಂದು ಅಡ್ಡಪಟ್ಟಿ ಇರುತ್ತದೆ, ಅಂಚು ಆಳಕ್ಕೆ ಇಳಿಯದಂತೆ ಅದು ತಡೆಯುತ್ತದೆ.

ಇವು ಬಂದ ಕ್ರಮವೂ ತಿಳಿದಿರಲಿ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1903ರಲ್ಲಿ ಈ ಎರಡಂಚಿನ ರೇಜರನ್ನು ಮಾರಾಟಕ್ಕಿಟ್ಟ. ಮೊದಲ ವರ್ಷ ಹೋದದ್ದು 51 ರೇಜರು, 168 ಬ್ಲೇಡು. ಮುಂದಿನ ವರ್ಷ ಪೇಟೆಂಟ್ ಸಿಕ್ಕಿತು, ವ್ಯಾಪಾರ ಹಾರಿತು. 1971ರಲ್ಲಿ ಅದೇ ಕಂಪನಿಯ ಎರಡು ಬ್ಲೇಡಿನ ಕಾರ್ಟ್ರಿಜ್ ಬಂತು, 1998ರಲ್ಲಿ ಮೂರು ಬ್ಲೇಡಿನ ಮ್ಯಾಕ್ ತ್ರೀ, 2006ರಲ್ಲಿ ಐದು ಬ್ಲೇಡಿನ ಫ್ಯೂಷನ್. ಇಷ್ಟೆಲ್ಲ ಆದರೂ ಎರಡಂಚಿನ ಬ್ಲೇಡಿನ ಅಳತೆ ಬದಲಾಗಲಿಲ್ಲ: ಸುಮಾರು 43 ಮಿಲಿಮೀಟರ್ ಉದ್ದ, 22 ಮಿಲಿಮೀಟರ್ ಅಗಲ, 0.1 ಮಿಲಿಮೀಟರ್ ದಪ್ಪ. ಹಾಗಾಗಿ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಸೆಟ್ಟಿಗೂ ಇವತ್ತು ಮೂಲೆ ಅಂಗಡಿಯಲ್ಲಿ ಕೊಂಡ ಬ್ಲೇಡು ಸರಿಯಾಗಿ ಕೂರುತ್ತದೆ.

ನಿಜವಾದ ವ್ಯತ್ಯಾಸ ಎಲ್ಲಿದೆ

ಕಾರ್ಟ್ರಿಜ್‌ನಲ್ಲಿ ಬ್ಲೇಡು ಎಷ್ಟು ವಾಲಿರಬೇಕು ಅನ್ನುವುದನ್ನು ಕಾರ್ಖಾನೆಯಲ್ಲೇ ನಿರ್ಧರಿಸಿರುತ್ತಾರೆ. ತಲೆ ಅತ್ತಿತ್ತ ವಾಲುತ್ತದೆ, ನೀವು ಸ್ವಲ್ಪ ಒತ್ತಿದರೂ ಸಹಿಸಿಕೊಳ್ಳುತ್ತದೆ. ಎರಡಂಚಿನದ್ದರಲ್ಲಿ ಕೋನವೂ ಒತ್ತಡವೂ ನಿಮ್ಮ ಕೈಯಲ್ಲಿ. ಇದಿಷ್ಟೇ ಮುಖ್ಯ ವ್ಯತ್ಯಾಸ. ಉಳಿದದ್ದೆಲ್ಲ ಇದರ ಹಿಂದೆ ಬರುವುದು.

ಚರ್ಮದ ವಿಷಯಕ್ಕೆ ಬಂದರೆ, ಬಹು ಬ್ಲೇಡಿನ ರೇಜರಿನಲ್ಲಿ ಮುಂದಿನ ಬ್ಲೇಡು ಕೂದಲನ್ನು ಸ್ವಲ್ಪ ಎಳೆಯುತ್ತದೆ. ಅದು ವಾಪಸ್ ಒಳಗೆ ಸರಿಯುವ ಮೊದಲೇ ಹಿಂದಿನ ಬ್ಲೇಡು ಇನ್ನಷ್ಟು ಕೆಳಗೆ ಕತ್ತರಿಸುತ್ತದೆ. ಕೆನ್ನೆ ನುಣ್ಣಗಾಗುತ್ತದೆ, ಒಪ್ಪುತ್ತೇನೆ. ಆದರೆ ಕೂದಲಿನ ತುದಿ ಚರ್ಮದ ಕೆಳಗೆ ಹೋಗಿ ಕೂರುತ್ತದೆ. ಗುಂಗುರು ಅಥವಾ ದಪ್ಪ ಕೂದಲಿನವರಲ್ಲಿ ಅದು ಮತ್ತೆ ಬೆಳೆಯುವಾಗ ಹೊರಗೆ ಬರದೆ ಚರ್ಮದೊಳಗೇ ತಿರುಗಿಕೊಳ್ಳುತ್ತದೆ. ಕತ್ತಿನ ಮೇಲೆ ಏಳುವ ಕೆಂಪು ಗುಳ್ಳೆಗಳಿಗೆ ಬಹಳ ಸಲ ಇದೇ ಕಾರಣ. ಒಂದೇ ಬ್ಲೇಡಿನಿಂದ ಈ ತೊಂದರೆ ಕಡಿಮೆಯಾಗಬಹುದು, ಪೂರ್ತಿ ಹೋಗೇ ಹೋಗುತ್ತದೆ ಅಂತ ಹೇಳಲಾರೆ. ಕೆಟ್ಟದಾಗಿ ಹಿಡಿದರೆ ಎರಡಂಚಿನ ರೇಜರೂ ಅಷ್ಟೇ ಉರಿಸುತ್ತದೆ.

ದುಡ್ಡಿನ ಲೆಕ್ಕ

'ಬ್ಲೇಡಿಗೆ ಬದಲಾಯಿಸಿ, ಸಾವಿರಾರು ಉಳಿಸಿ' ಅನ್ನುವ ಮಾತು ಅಮೆರಿಕ, ಯುರೋಪಿನಿಂದ ಬಂದದ್ದು. ಭಾರತದಲ್ಲಿ ಅದು ಅರ್ಧ ಮಾತ್ರ ನಿಜ. ಯಾಕೆ ಅಂತ ನೋಡಿ.

ಎರಡಂಚಿನ ಬ್ಲೇಡಿನಿಂದ ನಮ್ಮ ಜನರನ್ನು ಸೆಳೆಯಲಿಕ್ಕೆಂದೇ 2010ರಲ್ಲಿ ಇಲ್ಲಿ ಜಿಲೆಟ್ ಗಾರ್ಡ್ ಬಂತು. ಆಗ ರೇಜರಿಗೆ 15 ರೂಪಾಯಿ, ಬದಲಿ ಕಾರ್ಟ್ರಿಜ್‌ಗೆ 5 ರೂಪಾಯಿ. ಅದಕ್ಕೂ ಕೆಲವು ವರ್ಷ ಮೊದಲು ಕಂಪನಿ ನಮ್ಮ ಮಾರುಕಟ್ಟೆಗೆ ಅಂತ ಇನ್ನೊಂದು ರೇಜರ್ ಮಾಡಿ, ಅದನ್ನು ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಕೈಗೆ ಕೊಟ್ಟು ಪರೀಕ್ಷಿಸಿತ್ತು. ಅವರಿಗೆ ಹಿಡಿಸಿತು. ಇಲ್ಲಿ ಕೈಕೊಟ್ಟಿತು. ಆ ಹುಡುಗರ ಮುಂದೆ ಹರಿಯುವ ನಲ್ಲಿ ಇತ್ತು. ಇಲ್ಲಿ ಎಷ್ಟೋ ಜನ ಒಂದು ಲೋಟ ನೀರು ಇಟ್ಟುಕೊಂಡು, ಕೈಗನ್ನಡಿ ಹಿಡಿದು, ನೆಲದ ಮೇಲೆ ಕೂತು ಗಡ್ಡ ಮಾಡಿಕೊಳ್ಳುತ್ತಿದ್ದರು. ಬ್ಲೇಡುಗಳ ಮಧ್ಯೆ ಸಿಕ್ಕ ಕೂದಲು ಲೋಟದ ನೀರಿಗೆ ಬಿಡುವುದಿಲ್ಲ. ಗಾರ್ಡ್‌ಗೆ ಒಂದೇ ಬ್ಲೇಡು, ಅದರ ಸುತ್ತ ನೀರು ಆಡಲು ಜಾಗ. ಹಾಗಾಗಿ ಗೆದ್ದಿತು.

ಅಂದರೆ ಕಡಿಮೆ ಬೆಲೆಯ ಒಂದು ಬ್ಲೇಡಿನ ಕಾರ್ಟ್ರಿಜ್ ಬಳಸುತ್ತಿದ್ದರೆ ಬದಲಾವಣೆಯಿಂದ ನಿಮಗೆ ಹೆಚ್ಚೇನೂ ಉಳಿಯುವುದಿಲ್ಲ. ಮೂರು, ಐದು ಬ್ಲೇಡಿನ ಕಾರ್ಟ್ರಿಜ್ ಬಳಸುವವರಿಗೆ ಉಳಿಯುತ್ತದೆ. ನಿಮ್ಮ ಲೆಕ್ಕ ನೀವೇ ಹಾಕಿ: ಒಂದು ಬ್ಲೇಡಿನ ಬೆಲೆಯನ್ನು ಅದರಿಂದ ಎಷ್ಟು ಸಲ ಗಡ್ಡ ಮಾಡುತ್ತೀರೋ ಅದರಿಂದ ಭಾಗಿಸಿ. ಕಾರ್ಟ್ರಿಜ್‌ಗೆ 120 ರೂಪಾಯಿ, 10 ಸಲ ಬರುತ್ತದೆ ಅಂತಿಟ್ಟುಕೊಳ್ಳಿ, ಒಂದು ಸಲಕ್ಕೆ 12 ರೂಪಾಯಿ ಆಯಿತು. ಎರಡಂಚಿನ ಬ್ಲೇಡಿಗೆ 4 ರೂಪಾಯಿ, 4 ಸಲ ಬಂದರೆ ಒಂದು ರೂಪಾಯಿ. ಅಂಗಡಿಯ ಬೆಲೆ ಹಾಕಿ ನೋಡಿ, ಅಂತರ ಎಷ್ಟು ಅಂತ ಗೊತ್ತಾಗುತ್ತದೆ. ಹಾಗೇ ರೇಜರಿಗೆ ಮೂರು ಸಾವಿರ, ಬ್ರಶ್ಶಿಗೆ ಎರಡು ಸಾವಿರ ಸುರಿದು 'ಉಳಿಸುತ್ತಿದ್ದೇನೆ' ಅಂದುಕೊಳ್ಳಬೇಡಿ!

ಯಾರು ಬದಲಾಯಿಸದಿದ್ದರೂ ನಡೆಯುತ್ತದೆ

ಕೈ ನಡುಗುವವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಗಾಯ ಬೇಗ ಮಾಯದವರು ಬ್ಲೇಡಿನ ತಂಟೆಗೆ ಹೋಗದೆ ಟ್ರಿಮ್ಮರ್ ಬಳಸುವುದೇ ವಾಸಿ. ಮುಖದ ತುಂಬ ಮೊಡವೆ ಇದ್ದರೆ ಮೊದಲು ಚರ್ಮದ ಡಾಕ್ಟರನ್ನು ಕೇಳಿ. ಬೆಳಗ್ಗೆ ಐದು ನಿಮಿಷದಲ್ಲಿ ಎಲ್ಲ ಮುಗಿಸಿ ಬಸ್ಸು ಹಿಡಿಯುವವರಿಗೂ ಕಾರ್ಟ್ರಿಜ್ ಸಾಕು. ಎರಡಂಚಿನದ್ದಕ್ಕೆ ಶುರುವಿನಲ್ಲಿ ಹದಿನೈದು ನಿಮಿಷವಾದರೂ ಬೇಕು.

ಏನೇನು ಬೇಕು

ರೇಜರ್: ಮೊದಲನೆಯದು 'ಮೈಲ್ಡ್' ಇರಲಿ. ಬ್ಲೇಡಿಗೂ ಕೆಳಗಿನ ಅಡ್ಡಪಟ್ಟಿಗೂ ನಡುವಿನ ಸಂದು ಚಿಕ್ಕದಿದ್ದರೆ, ಬ್ಲೇಡಿನ ಅಂಚು ಕಡಿಮೆ ಹೊರಗೆ ಕಂಡರೆ ಅದು ಮೈಲ್ಡ್. ಅವು ಜಾಸ್ತಿಯಿದ್ದರೆ 'ಅಗ್ರೆಸಿವ್', ಅದು ಕೈ ಪಳಗಿದವರಿಗೆ. ಅಡ್ಡಪಟ್ಟಿ ಬಾಚಣಿಗೆಯ ಹಲ್ಲಿನಂತೆ ಇದ್ದರೆ ಓಪನ್ ಕೋಂಬ್ ಅನ್ನುತ್ತಾರೆ, ಅದನ್ನೂ ಈಗಲೇ ಕೊಳ್ಳಬೇಡಿ. ಕೆಲವು ನೂರು ರೂಪಾಯಿಯ ರೇಜರ್ ಧಾರಾಳ. ಅಗ್ಗದವು ಹೆಚ್ಚಾಗಿ ಸತುವಿನ ಮಿಶ್ರಲೋಹದ ಮೇಲೆ ಕ್ರೋಮ್ ಲೇಪಿಸಿದವು. ಕಲ್ಲಿನ ನೆಲಕ್ಕೆ ಬಿದ್ದರೆ ತಿರುಪಿನ ಹತ್ತಿರ ಮುರಿಯುತ್ತವೆ. ಹಿತ್ತಾಳೆ, ಸ್ಟೀಲಿನವು ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ. ಮನೆಯಲ್ಲಿ ಹಳೆಯದು ಇದ್ದರೆ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ನೆನೆಸಿ ಹಳೆ ಟೂತ್ ಬ್ರಶ್ಶಿನಿಂದ ಉಜ್ಜಿ. ತಲೆ ಬಾಗಿಲ್ಲ, ತಿರುಪು ಸವೆದಿಲ್ಲ ಅಂದರೆ ಅದನ್ನೇ ಬಳಸಿ.

ಬ್ಲೇಡು: ಒಂದೇ ಬ್ರ್ಯಾಂಡಿನ ನೂರು ಬ್ಲೇಡು ತಂದಿಡಬೇಡಿ. ಟೋಪಾಜ್, ಸೂಪರ್‌ಮ್ಯಾಕ್ಸ್, ಸೆವೆನ್ ಓ'ಕ್ಲಾಕ್, ವಿಲ್ಕಿನ್ಸನ್, ಹೀಗೆ ಎರಡು ಮೂರು ಚಿಕ್ಕ ಪ್ಯಾಕ್ ತಂದು ಪರೀಕ್ಷಿಸಿ. ಒಬ್ಬರ ಮುಖಕ್ಕೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದುವುದಿಲ್ಲ. ಪ್ಯಾಕಿನ ಮೇಲೆ ಪ್ಲಾಟಿನಂ ಅಂತಿದ್ದರೆ ಅದು ಅಂಚಿನ ಮೇಲಿನ ತೆಳು ಲೇಪನದ ಮಾತು, ಬ್ಲೇಡು ಸ್ಟೇನ್‌ಲೆಸ್ ಸ್ಟೀಲಿನದ್ದೇ.

ಜೊತೆಗೆ ಒಂದು ಬ್ರಶ್ಶು, ಟ್ಯೂಬಿನ ಶೇವಿಂಗ್ ಕ್ರೀಮು, ಪಟಿಕದ ತುಂಡು. ಪಟಿಕ ಅಂದರೆ ಆಲಂ, ಕಟಿಂಗ್ ಶಾಪಿನಲ್ಲಿ ಕೊನೆಗೆ ಮುಖಕ್ಕೆ ಉಜ್ಜುವ ಕಲ್ಲು. ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ.

ಈಗ ಹಂತ ಹಂತವಾಗಿ

ಮೊದಲ ಪ್ರಯೋಗ ರಜಾ ದಿನ ಇಟ್ಟುಕೊಳ್ಳಿ. ಮದುವೆ, ಇಂಟರ್‌ವ್ಯೂ ಇರುವ ಬೆಳಗ್ಗೆ ಬೇಡ.

1. ಕೂದಲಿನ ದಿಕ್ಕು ನೋಡಿಕೊಳ್ಳಿ. ಒಂದೆರಡು ದಿನದ ಗಡ್ಡ ಇರುವಾಗ ಬೆರಳನ್ನು ನಾಲ್ಕೂ ಕಡೆ ಸವರಿ. ನುಣ್ಣಗೆ ಜಾರುವ ಕಡೆ ಕೂದಲು ಬೆಳೆಯುವ ದಿಕ್ಕು, ಮುಳ್ಳಿನಂತೆ ಚುಚ್ಚುವುದು ಎದುರು ದಿಕ್ಕು. ಕೆನ್ನೆಯಲ್ಲಿ ಸಾಮಾನ್ಯವಾಗಿ ಕೆಳಮುಖ. ಕತ್ತಿನಲ್ಲಿ ಹಾಗಲ್ಲ. ಅಡ್ಡ ಇರಬಹುದು, ಮೇಲ್ಮುಖ ಇರಬಹುದು, ಎಡಕ್ಕೊಂದು ಬಲಕ್ಕೊಂದು ಇರಬಹುದು. ಜನ ಈ ಹಂತವನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಕತ್ತು ಉರಿಯುತ್ತದೆ ಅಂತ ಬ್ಲೇಡಿನ ಕಂಪನಿಯನ್ನು ಬೈಯುತ್ತಾರೆ.

2. ಬ್ಲೇಡು ಹಾಕಿ. ಮೂರು ತುಂಡಿನ ರೇಜರ್ ಆದರೆ ಹಿಡಿ ತಿರುಗಿಸಿ ಬಿಚ್ಚಿ. ಮೇಲಿನ ಮುಚ್ಚಳವನ್ನು ಬೋರಲು ಹಿಡಿದು, ಅದರ ಮೊಳೆಗಳಿಗೆ ಬ್ಲೇಡು ಕೂರಿಸಿ, ಮೇಲೆ ತಳದ ತಟ್ಟೆ ಇಟ್ಟು, ಹಿಡಿ ಬಿಗಿ ಮಾಡಿ. ಬ್ಲೇಡನ್ನು ಯಾವಾಗಲೂ ಗಿಡ್ಡ ಬದಿಗಳಲ್ಲಿ ಹಿಡಿಯಿರಿ, ಅಲ್ಲಿ ಅಂಚಿರುವುದಿಲ್ಲ. ಹಿಡಿಯ ಬುಡ ತಿರುಗಿಸಿದರೆ ಬಾಗಿಲಿನಂತೆ ತೆರೆಯುವ ರೇಜರ್ ಇನ್ನೂ ಸುಲಭ, ಬ್ಲೇಡು ಇಟ್ಟು ಮುಚ್ಚಿದರಾಯಿತು. ಆಮೇಲೆ ಬೆಳಕಿಗೆ ಹಿಡಿದು ನೋಡಿ: ಎರಡೂ ಕಡೆ ಬ್ಲೇಡು ಒಂದೇ ಸಮ ಹೊರಗೆ ಕಾಣಬೇಕು. ಒಂದು ಕಡೆ ಜಾಸ್ತಿ ಕಂಡರೆ ಸಡಿಲಿಸಿ ಮತ್ತೆ ಕೂರಿಸಿ. ಇದನ್ನು ನೋಡದೆ ಶುರು ಮಾಡಬೇಡಿ.

ಇಲ್ಲೇ ಒಂದು ಎಚ್ಚರಿಕೆ. ರೇಜರ್ ಕೈಜಾರಿದರೆ ಬೀಳಲಿ ಬಿಡಿ. ಹಿಡಿಯಲು ಹೋಗಬೇಡಿ.

3. ಗಡ್ಡ ನೆನೆಸಿ. ಸ್ನಾನ ಆದ ಮೇಲೆ ಗಡ್ಡ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು. ಇಲ್ಲವಾದರೆ ಬೆಚ್ಚಗಿನ ನೀರಿನಿಂದ ಎರಡು ಮೂರು ನಿಮಿಷ ಒದ್ದೆ ಇಡಿ. ನೀರು ಕುಡಿದ ಕೂದಲು ಮೆತ್ತಗಾಗುತ್ತದೆ. ಇದು ಚರ್ಮಕ್ಕೆ ಮಾತ್ರ ಅಲ್ಲ, ಬ್ಲೇಡಿಗೂ ಒಳ್ಳೆಯದು. ಕೂದಲಿಗಿಂತ ಸ್ಟೀಲು ಸುಮಾರು 50 ಪಟ್ಟು ಗಟ್ಟಿ, ಆದರೂ ಬ್ಲೇಡು ಮೊಂಡಾಗುತ್ತದೆ. ಯಾಕೆ ಅಂತ ಎಂಐಟಿ ಸಂಶೋಧಕರು ಸೂಕ್ಷ್ಮದರ್ಶಕದ ಕೆಳಗೆ ಕೂದಲು ಕತ್ತರಿಸಿ ನೋಡಿ 2020ರಲ್ಲಿ ಪ್ರಕಟಿಸಿದರು. ಅಂಚು ನಿಧಾನಕ್ಕೆ ಸವೆಯುವುದಕ್ಕಿಂತ ಅಲ್ಲಲ್ಲಿ ಚೂರು ಹಾರಿ ಹಾಳಾಗುತ್ತದೆ. ಕೂದಲು ಬಾಗಿಕೊಂಡು ಓರೆಯಾಗಿ ಅಂಚಿಗೆ ಸಿಕ್ಕಾಗ ಹೀಗಾಗುವುದು ಜಾಸ್ತಿ.

4. ನೊರೆ ಮಾಡಿ. ಬಟಾಣಿಕಾಳಿನಷ್ಟು ಕ್ರೀಮು, ಒದ್ದೆ ಬ್ರಶ್ಶು, ಮುಖದ ಮೇಲೆ ಸುತ್ತು ಸುತ್ತಾಗಿ ತಿರುಗಿಸುತ್ತಾ ಹನಿಹನಿ ನೀರು ಸೇರಿಸಿ. ಒಣಗಿ ಬೂದಿಯಂತಾದ ನೊರೆಯೂ ಬೇಡ, ಗುಳ್ಳೆ ಗುಳ್ಳೆ ನೊರೆಯೂ ಬೇಡ. ಮೊಸರಿನಷ್ಟು ಗಟ್ಟಿ, ಹೊಳಪಿರಬೇಕು. ಸ್ನಾನದ ಸೋಪು ಸಾಲದು, ಅದರ ನೊರೆ ಬೇಗ ಆರಿಹೋಗುತ್ತದೆ.

ಬೋರ್‌ವೆಲ್ ನೀರಿನ ಮನೆಯವರಿಗೆ ಇಲ್ಲೇ ತೊಂದರೆ. ಬಕೆಟ್ಟು, ನಲ್ಲಿಯ ಮೇಲೆ ಬಿಳಿ ಪುಡಿ ಕೂರುತ್ತದೆ ಅಂದರೆ ನಿಮ್ಮದು ಗಡಸು ನೀರು. ಅದರ ಸುಣ್ಣದ ಅಂಶ ಸೋಪಿನೊಂದಿಗೆ ಸೇರಿ ನೊರೆಯನ್ನು ಕೊಲ್ಲುತ್ತದೆ. ನೊರೆ ಮಾಡಲು ಮಾತ್ರ ಒಂದು ಲೋಟ ಫಿಲ್ಟರ್ ನೀರು ತೆಗೆದುಕೊಳ್ಳಿ. ಮುಖ, ರೇಜರ್ ತೊಳೆಯಲು ನಲ್ಲಿ ನೀರೇ ಸಾಕು. ಹೊಸ ಕ್ರೀಮು ಹುಡುಕಿಕೊಂಡು ಹೋಗುವ ಮೊದಲು ಇದನ್ನು ಮಾಡಿ ನೋಡಿ.

5. ಕೋನ ಹಿಡಿಯಿರಿ. ಬ್ಲೇಡಿಗೂ ಚರ್ಮಕ್ಕೂ ಸುಮಾರು 30 ಡಿಗ್ರಿ ಇರಬೇಕು ಅಂತ ಹೇಳುತ್ತಾರೆ. ಕನ್ನಡಿ ಮುಂದೆ ಡಿಗ್ರಿ ಅಳೆಯುವವರು ಯಾರು? ಹೀಗೆ ಮಾಡಿ: ರೇಜರಿನ ತಲೆಯ ಮೇಲ್ಭಾಗವನ್ನು ಕೆನ್ನೆಗೆ ಚಪ್ಪಟೆಯಾಗಿ ಇಡಿ, ಹಿಡಿ ಮುಖದಿಂದ ನೇರ ಹೊರಕ್ಕೆ ಚಾಚಿರಲಿ. ಈಗ ಬ್ಲೇಡು ಚರ್ಮಕ್ಕೆ ತಾಗುತ್ತಿಲ್ಲ. ಹಿಡಿಯನ್ನು ನಿಧಾನಕ್ಕೆ ಕೆಳಗೆ ಇಳಿಸುತ್ತಾ ಮೆಲ್ಲಗೆ ಎಳೆಯಿರಿ. ಕೂದಲು ಕತ್ತರಿಸುವ ಚರ್ ಚರ್ ಸದ್ದು ಶುರುವಾದ ಕಡೆ ನಿಲ್ಲಿಸಿ. ಅದೇ ಕೋನ. ಇನ್ನೂ ಕೆಳಗೆ ಇಳಿಸಿದರೆ ಬ್ಲೇಡು ಕೆರೆಯಲು ಶುರು ಮಾಡುತ್ತದೆ. ಮಣಿಕಟ್ಟು ಆಡಿಸದೆ ಮೊಣಕೈಯಿಂದ ಎಳೆದರೆ ಕೋನ ತಪ್ಪುವುದಿಲ್ಲ.

ಕಾರ್ಟ್ರಿಜ್ ಬಳಸಿ ಬಂದವರ ಕೈಗೆ ಇಲ್ಲೇ ಗೊಂದಲ. ಅವರು ಹಿಡಿಯನ್ನು ಕೆಳಗೆ ಹಿಡಿದೇ ಶುರು ಮಾಡುತ್ತಾರೆ, ತಲೆ ತಾನೇ ವಾಲಿಕೊಳ್ಳುತ್ತದೆ ಅಂತ ಕೈ ಕಾಯುತ್ತದೆ. ಇದು ವಾಲುವುದಿಲ್ಲ.

6. ಒತ್ತಬೇಡಿ. ಇದನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ. ರೇಜರಿನ ತೂಕವೇ ಸಾಕು. ಹಿಡಿಯ ತುದಿಯನ್ನು ಬೆರಳುಗಳಲ್ಲಿ ಹಗುರವಾಗಿ ಹಿಡಿಯಿರಿ, ಮುಷ್ಟಿ ಕಟ್ಟಬೇಡಿ. ಒಂದೊಂದು ಎಳೆತ ಒಂದು ಇಂಚಿನಷ್ಟು. ಕಿವಿಯಿಂದ ಗದ್ದದವರೆಗೆ ಒಂದೇ ಸಲ ಎಳೆಯುವುದು ಜಾಹೀರಾತಿಗೆ ಚೆಂದ. ಮೂರ್ನಾಲ್ಕು ಎಳೆತಕ್ಕೆ ರೇಜರ್ ತಿರುಗಿಸಿ ಇನ್ನೊಂದು ಅಂಚು ಬಳಸಿ, ಆಮೇಲೆ ನೀರಿನಲ್ಲಿ ಅದ್ದಿ ತೆಗೆಯಿರಿ. ನೊರೆ ಇಲ್ಲದ ಜಾಗಕ್ಕೆ ಬ್ಲೇಡು ಇಡಬೇಡಿ. ಕೂದಲು ಉಳಿಯಿತಾ? ಉಳಿಯಲಿ. ಒತ್ತಿ ತೆಗೆಯಲು ಹೋದಾಗಲೇ ರಕ್ತ ಬರುವುದು.

ಮೊದಲ ಸುತ್ತು ಪೂರ್ತಿ ಕೂದಲಿನ ದಿಕ್ಕಿಗೇ ಇರಲಿ. ಮೊದಲ ವಾರ ಕೆನ್ನೆಗಳನ್ನು ಮಾತ್ರ ಇದರಲ್ಲಿ ಮಾಡಿ, ಉಳಿದದ್ದನ್ನು ನಿಮ್ಮ ಹಳೆಯ ಕಾರ್ಟ್ರಿಜ್‌ನಲ್ಲೇ ಮುಗಿಸಿದರೂ ತಪ್ಪೇನಿಲ್ಲ. ನಾನಂತೂ ಹೊಸಬರಿಗೆ ಹಾಗೇ ಹೇಳುವುದು.

7. ಕಷ್ಟದ ಜಾಗಗಳು. ಗದ್ದದ ಉಬ್ಬಿನ ಮೇಲೆ ಎಳೆತ ಇನ್ನೂ ಚಿಕ್ಕದಿರಲಿ, ಪ್ರತಿ ಎಳೆತಕ್ಕೂ ಕೋನ ಹೊಸದಾಗಿ ಹಿಡಿಯಿರಿ. ಮೂಗಿನ ಕೆಳಗೆ ಮೇಲ್ತುಟಿಯನ್ನು ಹಲ್ಲಿನ ಮೇಲೆ ಬಿಗಿದುಕೊಳ್ಳಿ. ದವಡೆ ಮೂಳೆಯ ಕೆಳಗೆ ಚರ್ಮವನ್ನು ಮೇಲಕ್ಕೆ, ಮೂಳೆಯ ಮೇಲೆ ಎಳೆದುಕೊಂಡರೆ ಸಮತಟ್ಟಾಗುತ್ತದೆ. ಗಂಟಲ ಗಂಟಿನ ಹತ್ತಿರ ಉಗುಳು ನುಂಗಿ ಹಾಗೇ ಹಿಡಿದುಕೊಳ್ಳಿ, ಅಥವಾ ಅಲ್ಲಿನ ಚರ್ಮವನ್ನು ಪಕ್ಕಕ್ಕೆ ಸರಿಸಿ ಮಾಡಿ. ರೇಜರನ್ನು ಬ್ಲೇಡಿನ ಅಂಚಿನ ಉದ್ದಕ್ಕೆ, ಚಾಕುವಿನಂತೆ, ಎಂದೂ ಜಾರಿಸಬೇಡಿ. ಅದು ಕೊಯ್ಯುತ್ತದೆ.

8. ಬೇಕಿದ್ದರೆ ಎರಡನೇ ಸುತ್ತು. ಮುಖ ತೊಳೆದು, ಮತ್ತೆ ನೊರೆ ಹಚ್ಚಿ, ಈ ಸಲ ಕೂದಲಿಗೆ ಅಡ್ಡವಾಗಿ ಮಾಡಿ. ಆಫೀಸಿಗೆ ಇಷ್ಟು ಧಾರಾಳ. ಎದುರು ದಿಕ್ಕಿನ ಮೂರನೇ ಸುತ್ತನ್ನು ಕೈ ಪೂರ್ತಿ ಪಳಗುವವರೆಗೆ ಮರೆತುಬಿಡಿ. ಗುಳ್ಳೆ ಏಳುವವರು ಆಮೇಲೂ ಮಾಡಬೇಡಿ.

9. ಮುಗಿಸುವುದು. ತಣ್ಣೀರಿನಿಂದ ತೊಳೆದು, ಒದ್ದೆ ಮುಖದ ಮೇಲೆ ಪಟಿಕ ಸವರಿ, ಅರ್ಧ ನಿಮಿಷ ಬಿಟ್ಟು ಮತ್ತೆ ತೊಳೆಯಿರಿ. ಚಿಕ್ಕ ಗೀರಿನ ರಕ್ತ ನಿಲ್ಲುತ್ತದೆ. ಎಲ್ಲಿ ಉರಿಯಿತೋ ಅಲ್ಲಿ ನೀವು ಒತ್ತಿದ್ದೀರಿ ಅಂತ ಲೆಕ್ಕ, ಮುಂದಿನ ಸಲ ಆ ಜಾಗದಲ್ಲಿ ಕೈ ಹಗುರ ಮಾಡಿ. ಆಮೇಲೆ ಸುವಾಸನೆ ಇಲ್ಲದ ಮಾಯಿಶ್ಚರೈಸರ್ ಅಥವಾ ಒಂದೆರಡು ಹನಿ ಕೊಬ್ಬರಿ ಎಣ್ಣೆ. ಮೊಡವೆ ಬರುವ ಮುಖವಾದರೆ ಎಣ್ಣೆ ಬೇಡ.

10. ರೇಜರ್ ತೊಳೆದು ಒಣಗಿಸಿ. ನೀರಿನಲ್ಲಿ ಆಡಿಸಿ, ಕೊಡವಿ, ನಿಲ್ಲಿಸಿ ಇಡಿ. ಬ್ಲೇಡನ್ನು ಟವೆಲ್ಲಿನಿಂದ ಒರೆಸಬೇಡಿ: ಅಂಚಿನ ಲೇಪನ ಹೋಗುತ್ತದೆ, ಟವೆಲ್ಲು ಹರಿಯುತ್ತದೆ, ಬೆರಳೂ ಹೋಗಬಹುದು.

ಬ್ಲೇಡು ಎಷ್ಟು ದಿನ, ಆಮೇಲೆ ಎಲ್ಲಿಗೆ

ಸಾಮಾನ್ಯವಾಗಿ ಮೂರರಿಂದ ಐದು ಸಲ. ಗಡ್ಡ ಒರಟಾಗಿದ್ದರೆ ಇನ್ನೂ ಕಡಿಮೆ. ಕೂದಲು ಕತ್ತರಿಸುವ ಬದಲು ಎಳೆದಂತೆ ಅನ್ನಿಸಿದ ತಕ್ಷಣ ಬದಲಾಯಿಸಿ. ಕಾರ್ಟ್ರಿಜ್ ವಿಷಯದಲ್ಲಿ ನಾವು ಮಾಡುವ ದೊಡ್ಡ ತಪ್ಪೂ ಇದೇ. ದುಬಾರಿ ಅಂತ ಮೊಂಡಾದ ಮೇಲೂ ತಿಂಗಳುಗಟ್ಟಲೆ ಎಳೆಯುತ್ತೇವೆ. ನಿಮ್ಮ ಉರಿಗೆ ಅದೊಂದೇ ಕಾರಣ ಇರಬಹುದು. ಹಾಗಿದ್ದರೆ ರೇಜರ್ ಬದಲಾಯಿಸುವ ಮೊದಲು ಹೊಸ ಕಾರ್ಟ್ರಿಜ್ ಹಾಕಿ, ಮೂರನೇ, ನಾಲ್ಕನೇ, ಆರನೇ ಹಂತ ಪಾಲಿಸಿ ನೋಡಿ.

ಮನೆಯವರಾದರೂ ಬ್ಲೇಡು ಹಂಚಿಕೊಳ್ಳಬೇಡಿ. ಹೆಪಟೈಟಿಸ್ ಬಿ ಯಂಥ ಸೋಂಕು ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹರಡಬಹುದು. ಕಟಿಂಗ್ ಶಾಪಿನವರು ಮಡಿಸುವ ಹಿಡಿಗೆ ಹಾಕುವುದು ಹೆಚ್ಚಾಗಿ ಇದೇ ಎರಡಂಚಿನ ಬ್ಲೇಡಿನ ಅರ್ಧ ತುಂಡು. ಹೊಸದನ್ನು ನಿಮ್ಮೆದುರೇ ಮುರಿದು ಹಾಕಲು ಹೇಳಿ, ಸಂಕೋಚ ಬೇಡ.

ಹಳೆ ಬ್ಲೇಡನ್ನು ಹಾಗೇ ಕಸದ ಬುಟ್ಟಿಗೆ ಹಾಕುವುದು ದೊಡ್ಡ ತಪ್ಪು. ಪೌರಕಾರ್ಮಿಕರು ಬರಿಗೈಯಲ್ಲಿ ಕಸ ವಿಂಗಡಿಸುವುದನ್ನು ನೀವೇ ನೋಡಿರುತ್ತೀರಿ. ಕೆಲವು ಬ್ಲೇಡಿನ ಡಬ್ಬಿಗಳ ಹಿಂಭಾಗದಲ್ಲೇ ಹಳೆಯದನ್ನು ತೂರಿಸಲು ಸಂದು ಇರುತ್ತದೆ. ಇಲ್ಲದಿದ್ದರೆ ಒಂದು ತಗಡಿನ ಡಬ್ಬಿಯ ಮುಚ್ಚಳದಲ್ಲಿ ಸೀಳು ಮಾಡಿ ಅದರೊಳಗೆ ಹಾಕುತ್ತಾ ಬನ್ನಿ, ವರ್ಷಗಟ್ಟಲೆ ತುಂಬುವುದಿಲ್ಲ. ತುಂಬಿದ ಮೇಲೆ ಸೀಳಿಗೆ ಟೇಪು ಸುತ್ತಿ, ಮೇಲೆ 'ಬ್ಲೇಡು ಇದೆ' ಅಂತ ದಪ್ಪಕ್ಷರದಲ್ಲಿ ಬರೆದು, ಗುಜರಿಯವರು ತೆಗೆದುಕೊಳ್ಳುತ್ತಾರಾ ಕೇಳಿ, ಸ್ಟೀಲು ತಾನೇ. ಇಲ್ಲವಾದರೆ ಕಸದವರ ಕೈಗೇ ಕೊಟ್ಟು ಒಳಗೇನಿದೆ ಅಂತ ಬಾಯಿಬಿಟ್ಟು ಹೇಳಿ. ಕಾರ್ಟ್ರಿಜ್ ಮತ್ತು ಯೂಸ್ ಅಂಡ್ ಥ್ರೋಗಳಲ್ಲಿ ಪ್ಲಾಸ್ಟಿಕ್ಕೂ ಸ್ಟೀಲೂ ಅಂಟಿಕೊಂಡಿರುವುದರಿಂದ ಬಿಡಿಸುವುದು ಕಷ್ಟ, ಗುಜರಿಯವರಿಗೂ ಅದು ಬೇಡ.

ವಿಮಾನದಲ್ಲಿ ಹೋಗುವವರಿಗೆ: ಬಿಡಿ ಬ್ಲೇಡು, ಬ್ಲೇಡು ಹಾಕಿದ ಎರಡಂಚಿನ ರೇಜರ್ ಎರಡನ್ನೂ ಕೈಬ್ಯಾಗಿನಲ್ಲಿ ಬಿಡುವುದಿಲ್ಲ. ಚೆಕ್-ಇನ್ ಲಗೇಜಿಗೆ ಹಾಕಬೇಕು. ಕೈಬ್ಯಾಗು ಮಾತ್ರ ಒಯ್ಯುತ್ತಿದ್ದರೆ ಆ ನಾಲ್ಕು ದಿನಕ್ಕೆ ಒಂದು ಯೂಸ್ ಅಂಡ್ ಥ್ರೋ ಇಟ್ಟುಕೊಳ್ಳಿ, ಸಾಕು.